ಬಿಯರ್ ಬಾಟಲಿಯ ಹೂವು: ವೈಲಾಲಾ ‘ಹುಚ್ಚಿ’ನ ಮರುಓದು

ಅರ್ಜುನ್ ಅಪ್ಪಾದುರೈ 1996ರ ‘ಮಾಡರ್ನಿಟಿ ಅಟ್ ಲಾರ್ಜ್’ ಗ್ರಂಥದಲ್ಲಿ ಕಲ್ಪನೆಯನ್ನು ಸಾಮಾಜಿಕ ಆಚರಣೆಯೆಂದು ಕರೆದರು. ಆ ಮಾತು ಈಗ ನಮ್ಮ ವಿಚಾರಸಂಕಿರಣಗಳಲ್ಲಿ ಮಂತ್ರದಂತೆ ಕೇಳಿಬರುತ್ತದೆ. ಅದರ ಬೆನ್ನಿಗೆ ಒಂದು ಕಾಲಗಣನೆಯೂ ಯಾರ ತಕರಾರೂ ಇಲ್ಲದೆ ಒಳಗೆ ಬಂದುಬಿಟ್ಟಿದೆ. ಹಿಂದೆ ಕಲ್ಪನೆ ಎಂಬುದು ಕಲೆ, ಪುರಾಣ, ವಿಧಿಗಳ ಆವರಣದೊಳಗಿತ್ತು, ವಿದ್ಯುನ್ಮಾನ ಮಾಧ್ಯಮವೂ ಸಾಮೂಹಿಕ ವಲಸೆಯೂ ಬಂದ ಮೇಲೆ ಜನಸಾಮಾನ್ಯರ ದಿನನಿತ್ಯದ ಕೆಲಸವಾಯಿತು ಎಂಬುದು ಆ ಲೆಕ್ಕ. ಈ ಲೆಕ್ಕವನ್ನು ಅಲುಗಾಡಿಸಲು ಪಪುವಾ ಕೊಲ್ಲಿಯ ಹಳ್ಳಿಯೊಂದರ ಮೇಜು ಸಾಕು ಎಂಬುದು ಈ ಲೇಖನದ ವಾದ.

ಆ ಮೇಜಿನ ಸುದ್ದಿ ನಮಗೆ ತಲುಪಿದ್ದು ಪಪುವಾದ ಸರ್ಕಾರಿ ಮಾನವಶಾಸ್ತ್ರಜ್ಞ ಎಫ್. ಇ. ವಿಲಿಯಮ್ಸ್ ಅವರ 1923ರ ವರದಿಯಿಂದ. 1919ರಲ್ಲಿ ವೈಲಾಲಾ ನದಿಯ ಸುತ್ತಲಿನ ಊರುಗಳಲ್ಲಿ ಜನ ತಲೆ ತಿರುಗಿದವರಂತೆ ತೂರಾಡತೊಡಗಿದರು. ಎವಾರಾ ಎಂಬ ಹಿರಿಯ, ಸತ್ತ ಪೂರ್ವಜರು ಹಬೆ ಹಡಗಿನಲ್ಲಿ ಸರಕು ತುಂಬಿಕೊಂಡು ಬರುತ್ತಾರೆಂದು ಸಾರಿದ. ಊರೂರಲ್ಲಿ ಧ್ವಜಸ್ತಂಭಗಳು ಎದ್ದವು. ಹಳೆಯ ಮುಖವಾಡಗಳೂ ವಿಧಿಗಳ ಪವಿತ್ರ ವಸ್ತುಗಳೂ ನಾಶವಾದವು. ವಿಲಿಯಮ್ಸ್ ಇದನ್ನೆಲ್ಲ ‘ವೈಲಾಲಾ ಹುಚ್ಚು’ ಎಂದು ಕರೆದರು. ಹೆಸರು ನಿಂತುಬಿಟ್ಟಿತು.

ಇದೇ ವಿವರಗಳ ನಡುವೆ ಮೇಜು ಬರುತ್ತದೆ. ಊರ ನಡುವೆ ಮೇಜು ಹಾಕಿದರು. ಬಿಯರ್ ಬಾಟಲಿಗಳಲ್ಲಿ ಹೂವು, ಬಣ್ಣದೆಲೆ ಇಟ್ಟರು. ಸತ್ತವರ ಬಂಧುಗಳು ತಮ್ಮಲ್ಲಿದ್ದ ಒಳ್ಳೆಯ ಬಟ್ಟೆ ತೊಟ್ಟು ಅಲ್ಲಿ ಮಾತಿಲ್ಲದೆ, ಮೈ ಅಲುಗಿಸದೆ ಕೂತರು. ವಿಲಿಯಮ್ಸರ ಕಣ್ಣಿಗೆ ಇದು ಬಿಳಿಯರ ನಕಲು, ಅದೂ ನಗೆಗೀಡಾಗುವ ನಕಲು. ಹೊಸ ವಿಚಾರಗಳನ್ನು ಅರಗಿಸಿಕೊಳ್ಳಲಾಗದ ಪೇಚಾಟ, ಹಳೆಯ ಹಬ್ಬಗಳ ಉತ್ಸಾಹ ಬತ್ತಿಹೋದ ಖಾಲಿತನ, ಇವೆರಡರಿಂದ ಹುಚ್ಚು ಹುಟ್ಟಿತು ಎಂಬುದು ಅವರ ವಿವರಣೆ.

ವಿಲಿಯಮ್ಸರನ್ನು ವಸಾಹತಿನ ನೌಕರನೆಂದು ಬದಿಗೆ ತಳ್ಳುವವರ ಸಾಲಿನಲ್ಲಿ ನಾನಿಲ್ಲ. ಅವರ ವರದಿಯ ಹೆಸರನ್ನು ಪೂರ್ತಿ ಓದಬೇಕು. ಅದರ ಉತ್ತರಾರ್ಧ ‘ಸ್ಥಳೀಯ ಆಚರಣೆಗಳ ನಾಶ’ದ ಬಗ್ಗೆ ಇದೆ. ಆ ಮುಖವಾಡಗಳ ಮೇಲೆ ಅವರಿಗೆ ನಿಜವಾದ ಪ್ರೀತಿಯಿತ್ತು. ಒರೊಕೊಲೊದ ಹೆವೆಹೆ ಮುಖವಾಡಗಳ ಆಚರಣೆಯನ್ನು 1940ರಲ್ಲಿ ಒಂದಿಡೀ ಗ್ರಂಥವಾಗಿ ಬರೆದವರು ಅವರೇ. ಅವರ ತಪ್ಪು ಹುಟ್ಟಿದ್ದು ಆ ಪ್ರೀತಿಯಿಂದಲೇ ಎಂದು ನನಗೆ ತೋರುತ್ತದೆ. ಮುಖವಾಡ ಸುಟ್ಟವರ ಕೈ ಮೇಜನ್ನೂ ಕಟ್ಟುತ್ತಿದೆ ಎಂಬುದನ್ನು ಕಾಣಲು ಅವರ ದುಃಖ ಬಿಡಲಿಲ್ಲ.

ಮೇಜನ್ನು ಹತ್ತಿರದಿಂದ ನೋಡೋಣ. ಅದಕ್ಕೆ ಮರ ಬೇಕು, ಯಾರೋ ಕಡಿದು ತರಬೇಕು, ಇನ್ಯಾರೋ ಜೋಡಿಸಬೇಕು. ಬಿಳಿಯರು ಕುಡಿದು ಬಿಟ್ಟ ಬಾಟಲಿಯನ್ನು ಹೆಕ್ಕಿ ತೊಳೆದಿಡಬೇಕು. ಹೂವು ಬಾಡಿದಾಗ ಬದಲಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಸುಮ್ಮನೆ ಕೂರುವುದು, ಅದೂ ಊರಿನ ಕಣ್ಣೆದುರು. ತೂರಾಡುವ ಮೈಗಳನ್ನು ಕಂಡು ‘ಹುಚ್ಚು’ ಎಂದ ವಿದ್ವಾಂಸರು ಅದೇ ಊರಿನ ಈ ನಿಶ್ಚಲ ಮೈಗಳಿಗೂ ಅದೇ ಪದ ಬಳಸಿದ್ದು ಹೇಗೆ? ಇಲ್ಲಿ ಕಾಣುವುದು ಶಿಸ್ತು. ಈ ಕರಾವಳಿಯ ಎಲೆಮಾ ಜನರ ‘ಎರಾವೊ’ ಎಂಬ ಗಂಡಸರ ಮನೆಯಲ್ಲಿ ಮುಖವಾಡಗಳಿಗೆ ಸಲ್ಲುತ್ತಿದ್ದ ಶ್ರಮವೂ ಗಾಂಭೀರ್ಯವೂ ಈಗ ಮೇಜಿಗೆ ಸಂದಿವೆ. ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ದೊರೆಯ ಮೇಜನ್ನು ಕಂಡಿದ್ದರೆ ಅದು ನಿಂತುಕೊಂಡೇ. ಇಲ್ಲಿ ಅವರ ಮನೆಯವರು ಕೂತಿದ್ದಾರೆ, ಕಾಯುತ್ತಿರುವುದು ತಮ್ಮದೇ ಸತ್ತವರನ್ನು. ಇದು ನಕಲಾಗಿದ್ದರೆ ಮೇಜಿನ ತಲೆಯಲ್ಲಿ ದೊರೆಯ ಪಾತ್ರವೊಂದು ಇರಬೇಕಿತ್ತು. ಅಲ್ಲಿದ್ದದ್ದು ಅಜ್ಜಂದಿರಿಗೆ ಕಾದಿಟ್ಟ ಜಾಗ.

ಪೀಟರ್ ವರ್ಸ್ಲಿ ತಮ್ಮ 1957ರ ‘ದಿ ಟ್ರಂಪೆಟ್ ಶಲ್ ಸೌಂಡ್’ನಲ್ಲಿ ಈ ಜನರ ಮೇಲಿನ ಹುಚ್ಚಿನ ಆರೋಪವನ್ನು ತೆಗೆದುಹಾಕಿದರು. ಅದಕ್ಕೆ ನಾವು ಋಣಿಗಳು. ಆದರೆ ಅವರ ಓದಿನಲ್ಲಿ ಇಂಥ ಚಳವಳಿಗಳೆಲ್ಲ ಮುಂಬರುವ ರಾಷ್ಟ್ರೀಯತೆಯ ಮೆಟ್ಟಿಲುಗಳು, ಮೇಜು ಅಲ್ಲಿ ಮತ್ತೆ ಕಾಣೆಯಾಗುತ್ತದೆ. ವೈಲಾಲಾವನ್ನು ಇಂದಿಗೂ ‘ಕಾರ್ಗೋ ಕಲ್ಟ್’ನ, ಅಂದರೆ ಸರಕಿಗಾಗಿ ಕಾಯುವ ಪಂಥದ, ಮಾದರಿಯೆಂದು ಕಲಿಸುವ ಪಠ್ಯಗಳ ಬಗ್ಗೆ ನನಗೆ ತಾಳ್ಮೆಯಿಲ್ಲ. ಆ ಪದ ಅಚ್ಚಿನಲ್ಲಿ ಬಂದದ್ದೇ 1945ರಲ್ಲಿ ಎಂದು ಲಾಮಾಂಟ್ ಲಿಂಡ್‌ಸ್ಟ್ರಾಮ್ 1993ರಲ್ಲೇ ತೋರಿಸಿದ್ದಾರೆ. 1919ರ ಜನರನ್ನು ಕಾಲು ಶತಮಾನದ ನಂತರದ ಬೈಗುಳದಿಂದ ಗುರುತಿಸುವುದು ಯಾವ ವಿದ್ವತ್ತು?

ಹಡಗು ಬರಲಿಲ್ಲ. ಕಲ್ಪನೆಯನ್ನು ಬರೀ ನಂಬಿಕೆಯೆಂದು ಎಣಿಸುವವರಿಗೆ ಕಥೆ ಅಲ್ಲಿಗೆ ಮುಗಿಯಿತು. ವಿಲಿಯಮ್ಸರೇ 1934ರಲ್ಲಿ, ಮಾನವಶಾಸ್ತ್ರಜ್ಞ ಸೆಲಿಗ್‌ಮನ್ ಅವರ ಗೌರವಗ್ರಂಥಕ್ಕೆ ಬರೆದ ಹಿನ್ನೋಟದ ಲೇಖನ ಬೇರೆ ಮಾತು ಹೇಳುತ್ತದೆ. 1923ರ ವರದಿಯನ್ನು ಉಲ್ಲೇಖಿಸುವವರು ಇದನ್ನು ತೆರೆದು ನೋಡುವುದು ಅಪರೂಪ. ಒಂದು ದಶಕದ ನಂತರ ಜನ ಆ ದಿನಗಳನ್ನು ಪವಾಡಗಳ ಕಾಲವೆಂದು ನೆನೆಯುತ್ತಿದ್ದರು. ಆಗ ನೆಲ ನಡುಗಿತ್ತು, ಹೂವು ಒಂದೇ ದಿನದಲ್ಲಿ ಅರಳಿತ್ತು, ಬೆಳಗಾಗೆದ್ದರೆ ಸತ್ತವರ ಬೂಟಿನ ಹೆಜ್ಜೆಗುರುತು ಕಾಣುತ್ತಿತ್ತು. ಹಡಗಿನ ದೀಪಗಳನ್ನು ಕಂಡವರಿದ್ದರು, ಲಂಗರಿನ ಸರಪಳಿಯ ಸದ್ದು ಕೇಳಿದವರೂ ಇದ್ದರು. ಬರಬೇಕಿದ್ದ ಹಡಗು ಬಂದುಹೋದ ಹಡಗಾಗಿತ್ತು. ಮೇಜಿನ ಕೆಲಸ ಮಾತಿನ ಕೆಲಸವಾಗಿ ಮುಂದುವರಿದಿತ್ತು. ಹೇಳುವವನಿಗೆ ಕೇಳುವವರು ಬೇಕು, ಕೇಳಿದವರು ಹೂಂಗುಟ್ಟಬೇಕು. ಭವಿಷ್ಯಕ್ಕಾಗಿ ಕೂಡಿ ಮಾಡಿದ ಕೆಲಸವನ್ನು ಊರು ಈಗ ಭೂತಕಾಲಕ್ಕಾಗಿ ಮಾಡುತ್ತಿತ್ತು.

ಅಪ್ಪಾದುರೈ ಅವರಿಗೆ ಅನ್ಯಾಯವಾಗದಂತೆ ಒಂದು ಮಾತು. ಒಬ್ಬನೊಳಗೇ ಕರಗಿಹೋಗುವ ಹಗಲುಗನಸನ್ನೂ ಹಲವರನ್ನು ಕ್ರಿಯೆಗೆ ಹಚ್ಚುವ ಕಲ್ಪನೆಯನ್ನೂ ಬೇರ್ಪಡಿಸಿದವರು ಅವರು. ಈ ಮೇಜನ್ನು ಓದಲು ನನಗೆ ಅದಕ್ಕಿಂತ ಒಳ್ಳೆಯ ಉಪಕರಣ ಸಿಕ್ಕಿಲ್ಲ. ಒಪ್ಪಲಾಗದ್ದು ಅವರ ಕಾಲಗಣನೆ ಮಾತ್ರ. ಮಾಧ್ಯಮಗಳು ಕಲ್ಪನೆಯ ಹರವನ್ನು ಹಿಗ್ಗಿಸಿವೆ, ಅದನ್ನು ಜನಸಾಮಾನ್ಯರ ಕೈಗೆ ಮೊದಲು ಕೊಟ್ಟದ್ದು ಅವಲ್ಲ. ವೈಲಾಲಾದ್ದೂ ವಿಧಿಯೇ, ಹಾಗಾಗಿ ಹಳೆಯ ಆವರಣದೊಳಗಿನದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಪಿತ್ರಾರ್ಜಿತವಾಗಿ ಬಂದ ವಿಧಿಯನ್ನು ಸುಟ್ಟು, ಹೆಕ್ಕಿದ ಬಾಟಲಿಯಿಂದ ಹೊಸತೊಂದನ್ನು ಕಟ್ಟಿದವರನ್ನು ಆ ಆವರಣದೊಳಗೆ ಕೂಡಿಹಾಕಲು ಬರುವುದಿಲ್ಲ.

ನಮ್ಮ ನುಡಿ ಇದನ್ನು ಮೊದಲೇ ಬಲ್ಲದು. ‘ಕಲ್ಪನೆ’ಯ ಮೂಲವಾದ ಕೢಪ್ ಧಾತುವಿಗೆ ಅಣಿಗೊಳಿಸು, ಹೊಂದಿಸು ಎಂಬ ಅರ್ಥಗಳಿವೆ. ವೇದಾಂಗಗಳಲ್ಲಿ ‘ಕಲ್ಪ’ವೆಂದರೆ ಕರ್ಮವನ್ನು ನಡೆಸುವ ಕ್ರಮ. ಗ್ರಾಮ ಪಂಚಾಯಿತಿಯ ಪ್ರಕಟಣೆಯಲ್ಲಿ ಇಂದಿಗೂ ‘ನೀರಿನ ಸೌಲಭ್ಯ ಕಲ್ಪಿಸಲಾಗುವುದು’ ಎಂದೇ ಬರೆಯುತ್ತಾರೆ. ಕಲ್ಪಿಸುವುದೆಂದರೆ ಒದಗಿಸಿ ಕೊಡುವುದು. ವೈಲಾಲಾದ ಜನ ತಮ್ಮ ಸತ್ತವರಿಗೆ ಊರ ನಡುವೆ ಒಂದು ಜಾಗ ಕಲ್ಪಿಸಿದರು. ವಸಾಹತು ಕಾಲದ ವರದಿಗಳಲ್ಲಿ ‘ನಕಲು’, ‘ಹುಚ್ಚು’ ಎಂಬ ಪದಗಳು ಎದುರಾದಲ್ಲೆಲ್ಲ ಮರ ತಂದವರಾರು, ಹೂವು ಬದಲಿಸಿದವರಾರು, ಕೂತವರು ಯಾರಿಗಾಗಿ ಕೂತರು ಎಂದು ಕೇಳಿ ಮತ್ತೆ ಓದಬೇಕಾಗಿದೆ.