ಆನ್‌ಲೈನ್ ಶಾಪಿಂಗ್: 'ಕಾರ್ಡ್ ಸೇವ್ ಮಾಡಿ' ಎನ್ನುವ ಮುನ್ನ ಈ ನಿಯಮ ತಿಳಿದಿರಲಿ

ಬೆಂಗಳೂರು: ಆನ್‌ಲೈನ್‌ನಲ್ಲಿ ವಸ್ತು ಆರಿಸಿ ಹಣ ಪಾವತಿಸುವ ಪುಟಕ್ಕೆ ಬಂದಾಗ 'ಮುಂದಿನ ಬಾರಿಗೆ ಕಾರ್ಡ್ ಸೇವ್ ಮಾಡಿ' ಎಂಬ ಸಾಲು ಕಾಣಿಸುತ್ತದೆ. ಆತುರದಲ್ಲಿ ಅನೇಕರು ಅದನ್ನು ಓದುವುದೇ ಇಲ್ಲ. ಆದರೆ ಈ ಒಂದು ಟಿಕ್‌ಗೆ ಸಂಬಂಧಿಸಿ ಭಾರತೀಯ ರಿಸರ್ವ್ ಬ್ಯಾಂಕ್ (ಆರ್‌ಬಿಐ) ಸ್ಪಷ್ಟ ನಿಯಮ ರೂಪಿಸಿದೆ. ಗ್ರಾಹಕರ ಒಪ್ಪಿಗೆಯೇ ಅದರ ಮೂಲ.

ನಿಯಮ ಏಕೆ ಬಂತು?

ಹಿಂದೆ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಶಾಪಿಂಗ್ ತಾಣಗಳ ಸರ್ವರ್‌ಗಳಲ್ಲೇ ಉಳಿಯುತ್ತಿದ್ದವು. ಇದನ್ನು ನಿಲ್ಲಿಸಲು ಆರ್‌ಬಿಐ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಪಾವತಿ ಸಂಸ್ಥೆ ಜಸ್‌ಪೇ ಮೇಲೆ ಸೈಬರ್ ದಾಳಿ ನಡೆಯಿತು. ವಿಷಯ ಬಹಿರಂಗವಾಗಿದ್ದು 2021ರ ಜನವರಿಯಲ್ಲಿ. ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು ಸೋರಿಕೆಯಾಗಿದ್ದನ್ನು ಒಪ್ಪಿಕೊಂಡ ಸಂಸ್ಥೆ, ಅವುಗಳಲ್ಲಿ ಪೂರ್ಣ ಕಾರ್ಡ್ ಸಂಖ್ಯೆ ಇರಲಿಲ್ಲ ಎಂದು ತಿಳಿಸಿತ್ತು.

ಹಲವು ಬಾರಿ ಗಡುವು ವಿಸ್ತರಣೆಯಾದ ಬಳಿಕ 2022ರ ಅಕ್ಟೋಬರ್ 1ರಿಂದ ನಿಯಮ ಜಾರಿಗೆ ಬಂತು. ಕಾರ್ಡ್ ನೀಡಿದ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂತಹ ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ ಕಾರ್ಡ್ ವಿವರ ಉಳಿಸಿಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕ್ ಹೆಸರನ್ನು ಮಾತ್ರ ಇಟ್ಟುಕೊಳ್ಳಬಹುದು.

ಟೋಕನ್ ಎಂದರೇನು?

ಕಾರ್ಡ್ ಸಂಖ್ಯೆಯ ಬದಲು ಬಳಸುವ ಸಂಕೇತವೇ ಟೋಕನ್. ಪ್ರತಿ ಶಾಪಿಂಗ್ ತಾಣಕ್ಕೂ ಬೇರೆ ಟೋಕನ್ ಸಿದ್ಧವಾಗುತ್ತದೆ. ಒಂದು ತಾಣದ ಟೋಕನ್ ಕಳ್ಳರ ಪಾಲಾದರೂ ಅದನ್ನು ಮತ್ತೊಂದು ತಾಣದಲ್ಲಿ ಬಳಸಲಾಗದು. ಇದಕ್ಕೆ ಗ್ರಾಹಕರು ಶುಲ್ಕ ನೀಡಬೇಕಿಲ್ಲ.

ಒಪ್ಪಿಗೆ ಹೇಗಿರಬೇಕು?

* ಗ್ರಾಹಕರು ಸ್ಪಷ್ಟವಾಗಿ ಒಪ್ಪಿ, ಒಟಿಪಿಯಂತಹ ಹೆಚ್ಚುವರಿ ದೃಢೀಕರಣ ನೀಡಿದ ಮೇಲಷ್ಟೇ ಟೋಕನ್ ಸೃಷ್ಟಿಸಬೇಕು.
* ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಅಥವಾ ಒತ್ತಾಯದ ಆಯ್ಕೆಯನ್ನು ಒಪ್ಪಿಗೆ ಎಂದು ಪರಿಗಣಿಸುವಂತಿಲ್ಲ.
* ಟೋಕನ್ ಕಡ್ಡಾಯವಲ್ಲ. ಬೇಡವೆಂದರೆ ಪ್ರತಿ ಬಾರಿ ಕಾರ್ಡ್ ವಿವರ ನಮೂದಿಸಿ ಪಾವತಿಸಬಹುದು.
* ಕಾರ್ಡ್ ನವೀಕರಣವಾದರೆ ಅಥವಾ ಬದಲಾದರೆ, ಹಳೆಯ ತಾಣಗಳಿಗೆ ಜೋಡಿಸಲು ಬ್ಯಾಂಕ್ ಮತ್ತೆ ಒಪ್ಪಿಗೆ ಪಡೆಯಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಮುಕ್ತವಾಗಿ, ಸ್ಪಷ್ಟವಾಗಿ, ಮಾಹಿತಿ ಪಡೆದ ಬಳಿಕ ನೀಡಿದ್ದಾಗಿರಬೇಕು ಎನ್ನುತ್ತದೆ.

ಕೊಟ್ಟ ಒಪ್ಪಿಗೆ ಹಿಂಪಡೆಯಬಹುದೇ?

ಖಂಡಿತ. ಯಾವ ಯಾವ ತಾಣಗಳಲ್ಲಿ ಟೋಕನ್ ಇದೆ ಎಂಬ ಪಟ್ಟಿ ನೋಡಲು ಮತ್ತು ಬೇಡವಾದದ್ದನ್ನು ತೆಗೆದುಹಾಕಲು ಬ್ಯಾಂಕ್‌ಗಳು ಮೊಬೈಲ್ ಆ್ಯಪ್, ನೆಟ್ ಬ್ಯಾಂಕಿಂಗ್‌ನಂತಹ ಮಾರ್ಗಗಳಲ್ಲಿ ಸೌಲಭ್ಯ ನೀಡಬೇಕು. ವರ್ಷಗಳ ಹಿಂದೆ ಒಮ್ಮೆ ಖರೀದಿಸಿ ಮರೆತ ತಾಣವೂ ಆ ಪಟ್ಟಿಯಲ್ಲಿ ಇರಬಹುದು. ಹಾಗಾಗಿ ಆಗಾಗ ಪರಿಶೀಲಿಸುವುದು ಒಳ್ಳೆಯದು.

ಹಣ ಹೋದರೆ ಏನು ಮಾಡಬೇಕು?

ಟೋಕನ್ ಇದ್ದ ಮಾತ್ರಕ್ಕೆ ವಂಚನೆ ಅಸಾಧ್ಯವೇನಲ್ಲ. 'ನಿಮ್ಮ ಟೋಕನ್ ಅವಧಿ ಮುಗಿದಿದೆ' ಎಂದು ಯಾರೇ ಕರೆ ಮಾಡಿದರೂ ಒಟಿಪಿ, ಸಿವಿವಿ ಹೇಳಬೇಡಿ. ಅರಿವಿಲ್ಲದೆ ಹಣ ಕಡಿತವಾದರೆ ತಕ್ಷಣ ಬ್ಯಾಂಕ್‌ಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, 1930 ಸಹಾಯವಾಣಿಗೆ ಕರೆ ಮಾಡಿ. ಆರ್‌ಬಿಐನ 2017ರ ಜುಲೈ ಸುತ್ತೋಲೆಯಂತೆ, ಗ್ರಾಹಕರ ಅಥವಾ ಬ್ಯಾಂಕ್‌ನ ತಪ್ಪಿಲ್ಲದೆ ಹೊರಗಿನವರಿಂದ ವಂಚನೆ ನಡೆದಿದ್ದು, ಬ್ಯಾಂಕ್ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ನೀಡಿದರೆ ಗ್ರಾಹಕರಿಗೆ ನಷ್ಟದ ಹೊರೆ ಇಲ್ಲ. ಗ್ರಾಹಕರೇ ಒಟಿಪಿ ಹಂಚಿಕೊಂಡಿದ್ದರೆ, ದೂರು ನೀಡುವವರೆಗಿನ ನಷ್ಟ ಅವರದೇ. ಬ್ಯಾಂಕ್ 30 ದಿನಗಳಲ್ಲಿ ಸ್ಪಂದಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.