ಹಾವಿನ ಪೆಟ್ಟಿಗೆಗೆ ಕಾವೆಷ್ಟು, ತೇವವೆಷ್ಟು?

ಸೋಲಾಪುರ: ಸೋಲಾಪುರ, ಅಕ್ಕಲಕೋಟ ಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ಮನುಷ್ಯ ಬೆವರಿ ತಣ್ಣಗಾಗುತ್ತಾನೆ. ಹಾವಿಗೆ ಬೆವರು ಬರುವುದಿಲ್ಲ, ಸುತ್ತಲಿನ ಕಾವೇ ಅದರ ಮೈಕಾವು. ಹೊಲದಲ್ಲಿದ್ದರೆ ಬಿಲ, ಬದು, ಕಲ್ಲಿನ ಸಂದಿ ಹುಡುಕಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಆ ಹೊಣೆ ಇಟ್ಟವರ ಮೇಲೆ ಬರುತ್ತದೆ.

ಮೊದಲು ಕಾನೂನು

ನಮ್ಮ ನೆಲದ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ. ನಾಗರಹಾವು (ಮರಾಠಿಯಲ್ಲಿ ನಾಗ), ಕೇರೆಹಾವು (ಧಾಮಣ), ಕೊಳಕುಮಂಡಲ (ಘೋಣಸ), ಎರಡು ತಲೆ ಹಾವು (ಮಾಂಡೂಳ) ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ನಾಗರ, ಕೇರೆ, ಕೊಳಕುಮಂಡಲಗಳು ಹುಲಿಯ ಜೊತೆ 1ನೇ ಪರಿಶಿಷ್ಟದಲ್ಲಿವೆ. ತಪ್ಪಿತಸ್ಥರಿಗೆ 3ರಿಂದ 7 ವರ್ಷ ಜೈಲು. ಮಾಂಡೂಳದಿಂದ ಧನಲಾಭ ಎಂಬ ಮಾತು ಮೋಸ.

ವಿದೇಶಿ ತಳಿಗಳ ಮಾತು ಬೇರೆ. ಆಫ್ರಿಕಾದ ಬಾಲ್ ಪೈಥಾನ್ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಳ್ಳಬಾರದು.

ಎರಡು ಬದಿ, ಎರಡು ಕಾವು

ಇಡೀ ಪೆಟ್ಟಿಗೆ ಒಂದೇ ಸಮ ಬಿಸಿ ಇರಬಾರದು. ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿದ್ದರೆ ಹಾವು ತನಗೆ ಬೇಕಾದ ಕಡೆ ಸರಿಯುತ್ತದೆ. ಉಂಡ ಆಹಾರ ಅರಗಲು ಕಾವು ಬೇಕು. ಕಾವು ಸಾಲದಿದ್ದರೆ ನುಂಗಿದ್ದನ್ನು ಕಕ್ಕುತ್ತದೆ.

* ಬಾಲ್ ಪೈಥಾನ್: ಬೆಚ್ಚನೆಯ ಬದಿ 31-33 ಡಿಗ್ರಿ, ತಂಪು ಬದಿ 25-27 ಡಿಗ್ರಿ, ತೇವಾಂಶ ಶೇ. 50-60.
* ಅಮೆರಿಕದ ಕಾರ್ನ್ ಸ್ನೇಕ್: ಬೆಚ್ಚನೆಯ ಬದಿ 29-31 ಡಿಗ್ರಿ, ತಂಪು ಬದಿ 22-25 ಡಿಗ್ರಿ, ತೇವಾಂಶ ಶೇ. 40-50.

ಕಾವಿಗೆ ಹೀಟ್ ಮ್ಯಾಟ್ ಬಳಸುವುದು ರೂಢಿ. ಅದು ತಳದ ಮೂರರಲ್ಲಿ ಒಂದು ಭಾಗದ ಅಡಿ ಮಾತ್ರ ಇರಬೇಕು, ಥರ್ಮೋಸ್ಟಾಟ್ ಕಡ್ಡಾಯ. ಹಾವು ಸುಡುವ ನೆಲದಿಂದ ಬೇಗ ಸರಿಯುವುದಿಲ್ಲ. ಹೊಟ್ಟೆ ಸುಟ್ಟ ಮೇಲೆಯೇ ಗೊತ್ತಾಗುತ್ತದೆ. ಪೆಟ್ಟಿಗೆಯೊಳಗೆ ಬರಿ ಬಲ್ಬ್ ತೂಗಿಹಾಕುವುದೂ ಅಪಾಯ. ಎರಡೂ ಬದಿಗೆ ಒಂದೊಂದು ಥರ್ಮಾಮೀಟರ್, ಜೊತೆಗೆ ತೇವಾಂಶ ಅಳೆಯುವ ಹೈಗ್ರೋಮೀಟರ್ ಇರಲಿ.

ಪೊರೆ ಹೇಳುವ ಮಾತು

ತೇವ ಸರಿಯಿದೆಯೇ ಎಂಬುದನ್ನು ಪೊರೆ ನೋಡಿ ತಿಳಿಯಬಹುದು. ಸರಿಯಿದ್ದರೆ ಪೊರೆ ಕಾಲುಚೀಲ ಕಳಚಿದಂತೆ ಒಂದೇ ತುಂಡಾಗಿ ಬರುತ್ತದೆ. ಗಾಳಿ ಒಣಗಿದ್ದರೆ ಹರಿದು ಹರಿದು ಮೈಗಂಟುತ್ತದೆ. ಕಣ್ಣಿನ ಮೇಲಿನ ಪೊರೆಯೂ ಉಳಿಯುತ್ತದೆ. ಅದನ್ನು ಉಗುರಿನಿಂದ ಕೀಳಬಾರದು, ಕಣ್ಣೇ ಹೋದೀತು.

ಕಣ್ಣು ಮಬ್ಬಾದರೆ ಪೊರೆ ಬಿಡುವ ಕಾಲ ಬಂತೆಂದು ಅರ್ಥ. ಆಗ ಮುಚ್ಚಳವಿರುವ ಡಬ್ಬಿಗೆ ತೂತು ಮಾಡಿ, ಒಳಗೆ ಒದ್ದೆ ಪಾಚಿ ಅಥವಾ ಹಿಂಡಿದ ತೆಂಗಿನ ನಾರು ಹಾಕಿಟ್ಟರೆ ಸಾಕು. ಇಡೀ ಪೆಟ್ಟಿಗೆ ನೆನೆಸಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ತೇವದ ಜೊತೆ ಥಂಡಿಯೂ ಸೇರಿದರೆ ಉಸಿರಾಟದ ರೋಗ ಬರುತ್ತದೆ: ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಇದರ ಗುರುತು. ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ಇಲ್ಲಿಯ ತೊಂದರೆ ಬಿಸಿಲೇ

ಸಾಕುವ ಪುಸ್ತಕಗಳು ಹೆಚ್ಚಾಗಿ ಚಳಿ ದೇಶದವು. ಬಿಸಿ ಮಾಡುವುದನ್ನೇ ಹೇಳುತ್ತವೆ. ಇಲ್ಲಿ ಬೇಸಿಗೆಯಲ್ಲಿ ತಂಪು ಮಾಡುವುದೇ ಕೆಲಸ. ಪತ್ರಾಸಿನ ಮನೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ಮೈಕಾವು 40 ಡಿಗ್ರಿಯ ಆಸುಪಾಸಿಗೆ ಹೋದರೆ ಹಾವಿನ ಜೀವಕ್ಕೇ ಕುತ್ತು. ನೆಲಮಟ್ಟದ, ದಪ್ಪ ಗೋಡೆಯ ಕೋಣೆ ಲೇಸು. ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟರೆ ತಂಪೂ ತೇವವೂ ಸಿಗುತ್ತದೆ. ಚಳಿಗಾಲದ ರಾತ್ರಿ ಲೋಡ್ ಶೆಡ್ಡಿಂಗ್ ಆದರೆ, ಗಾಳಿಯಾಡಲು ಜಾಗ ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಬೇಕು.

ಹಿಡಿದ ಹಾವು ಡಬ್ಬಿಯಲ್ಲಿದ್ದರೆ

ಊರಿನವರಿಗೆ ಹೆಚ್ಚು ಬೇಕಾದ ಮಾತು ಇದು. ಸರ್ಪಮಿತ್ರರು ಮನೆಯಲ್ಲಿ ಹಿಡಿದ ಹಾವನ್ನು ಪ್ಲಾಸ್ಟಿಕ್ ಬರಣಿಯಲ್ಲಿ ಹಾಕಿ ಬಿಸಿಲಲ್ಲಿ ಜನರಿಗೆ ತೋರಿಸುತ್ತ ನಿಂತರೆ ಅದು ಅಲ್ಲೇ ಸಾಯಬಹುದು. ಕಾರಿನ ಡಿಕ್ಕಿಯಲ್ಲೂ ಇಡಬಾರದು. ತೂತುಗಳಿರುವ ಡಬ್ಬಿ ಇಲ್ಲವೇ ಗಟ್ಟಿ ಬಟ್ಟೆಯ ಚೀಲ, ನೆರಳು, ಬೇಗ ಬಿಡುಗಡೆ: ಇಷ್ಟೇ ಬೇಕು. ಹಾಲು ಎರೆಯಬಾರದು, ಅದು ಹಾವಿನ ಆಹಾರವಲ್ಲ.

ಮನೆಗೆ ಹಾವು ಬಂದರೆ ಮುಟ್ಟದೆ ದೂರ ನಿಂತು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಬೇಕು. ನಮ್ಮ ನೆಲದ ಹಾವುಗಳನ್ನು ಹತ್ತಿರದಿಂದ ನೋಡುವ ಆಸೆ ಇದ್ದವರಿಗೆ ಪುಣೆಯ ಕಾತ್ರಜ್ ಸರ್ಪೋದ್ಯಾನವಿದೆ.