ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು

ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಬಲವಂತ ಪಾಂಡುರಂಗ ಕಿರ್ಲೋಸ್ಕರರು ಕನ್ನಡ ನೆಲದಲ್ಲಿ ಜನಿಸಿದವರೆಂಬುದನ್ನು ಗಡಿನಾಡಿನ ನಾವೇ ಮರೆಯುತ್ತಲಿದ್ದೇವೆ. ಅಣ್ಣಾಸಾಹೇಬರೆಂದು ಪ್ರಸಿದ್ಧರಾದ ಇವರ ಜನ್ಮಸ್ಥಳ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಜನ್ಮದಿನ 1843ನೆಯ ಮಾರ್ಚ್ 31.

ಅದೇ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಉತ್ತರ ಕನ್ನಡದಿಂದ ಅಲ್ಲಿಗೆ ಬಂದಿದ್ದ ಭಾಗವತ ಮೇಳದ ಆಟವೇ ಅದಕ್ಕೆ ಪ್ರೇರಣೆ. ನಮ್ಮ ಬಯಲಾಟದಲ್ಲಿ ಭಾಗವತನು ಹಾಡಿದಂತೆ ಅಲ್ಲಿಯೂ ಸೂತ್ರಧಾರನೇ ಹಾಡುವನು. ಪಾತ್ರಧಾರಿಗಳು ಅಭಿನಯಿಸಿ, ತಮಗೆ ತೋಚಿದ ಮಾತುಗಳನ್ನಾಡುವರು.

ಈ ಪದ್ಧತಿಯನ್ನು ಬದಲಿಸಿದವರು ಕಿರ್ಲೋಸ್ಕರರು. ಬೆಳಗಾವಿಯಲ್ಲಿ ಶಿಕ್ಷಕರಾಗಿದ್ದ ಅವರು ಮುಂದೆ ಸರಕಾರಿ ನೌಕರಿ ಹಿಡಿದರೂ ನಾಟಕದ ಹುಚ್ಚನ್ನು ಬಿಡಲಿಲ್ಲ. 1880ನೆಯ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಶಾಕುಂತಲ’ದ ಮೊದಲ ನಾಲ್ಕು ಅಂಕಗಳನ್ನು ರಂಗಕ್ಕೆ ತಂದರು. ಸೂತ್ರಧಾರನ ವೇಷ ಸ್ವತಃ ಅವರದೇ. ಆದರೆ ಈ ಸೂತ್ರಧಾರನು ಎಲ್ಲರ ಹಾಡನ್ನು ತಾನೇ ಹಾಡಲಿಲ್ಲ. ದುಷ್ಯಂತನ ಪದವನ್ನು ದುಷ್ಯಂತನೂ ಶಕುಂತಲೆಯ ಪದವನ್ನು ಶಕುಂತಲೆಯೂ ಹಾಡತೊಡಗಿದರು. ಗದ್ಯವೂ ಬರೆದಿಟ್ಟ ಗದ್ಯವಾಯಿತು. 1882ರಲ್ಲಿ ಬಂದ ‘ಸೌಭದ್ರ’ವು ಅವರ ಸ್ವತಂತ್ರ ಕೃತಿ, ಅದರಲ್ಲಿ ಸುಭದ್ರೆಯಾಗಿ ಭಾವೂರಾವ ಕೊಲ್ಹಟಕರರು ಜನರ ಮನಸ್ಸನ್ನು ಸೂರೆಗೊಂಡರು.

ಪದಗಳಿಗೆ ಧಾಟಿ ಹೊಂದಿಸುವಾಗ ಅಣ್ಣಾಸಾಹೇಬರು ಶಾಸ್ತ್ರೀಯ ರಾಗಗಳೊಡನೆ ಕೀರ್ತನೆ, ಲಾವಣಿ ಹಾಗೂ ಕನ್ನಡ ಪದಗಳ ಮಟ್ಟುಗಳನ್ನೂ ಬಳಸಿಕೊಂಡರು. ಮೂರನೆಯ ನಾಟಕ ‘ರಾಮರಾಜ್ಯವಿಯೋಗ’ವು ಅಪೂರ್ಣವಾಗಿ ಉಳಿಯಿತು. 1885ನೆಯ ನವೆಂಬರ್ 2ರಂದು, 42ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬೆಳಗಾವಿಯಲ್ಲಿ ಅವರ ಶಿಷ್ಯರಾಗಿದ್ದ ಗೋವಿಂದ ಬಲ್ಲಾಳ ದೇವಲರು 1899ರಲ್ಲಿ ‘ಶಾರದಾ’ ನಾಟಕವನ್ನಿತ್ತು ಗುರುಪರಂಪರೆಯನ್ನು ಬೆಳಗಿಸಿದರು.

ಇತ್ತ, ಮರಾಠಿ ನಾಟಕಗಳ ಪ್ರಾಬಲ್ಯವನ್ನು ಕಂಡು ಮನನೊಂದ ಶಾಂತಕವಿಗಳು ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಅವರೂ ಶಾಲಾ ಶಿಕ್ಷಕರೇ! ಅವರ ನೋವು ನ್ಯಾಯವಾದುದು. ಅದರಿಂದಲೇ ಕನ್ನಡಕ್ಕೆ ರಂಗಭೂಮಿ ದೊರೆಯಿತು. ಆದರೆ ಕೊಡು-ಕೊಳ್ಳುವಿಕೆ ನಿಲ್ಲಲಿಲ್ಲ. ಕುಂದಗೋಳದ ರಾಮಭಾವು ಅವರು ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಗಳಿಸಿ ಸವಾಯಿ ಗಂಧರ್ವರೆನಿಸಿದರು.

ಕಿರ್ಲೋಸ್ಕರರು ಯಾರವರೆಂದು ವಾದಿಸುವುದರಿಂದ ನಮಗೆ ಲಾಭವಿಲ್ಲ. ಅವರು ಬರೆದುದು ಮರಾಠಿ; ಆ ಕೀರ್ತಿ ಮರಾಠಿಗೇ ಸಲ್ಲಬೇಕು. ಆದರೆ ಅವರು ಕೇಳಿ ಬೆಳೆದ ನಾದದಲ್ಲಿ ಕನ್ನಡವಿತ್ತು. ಗಡಿಯ ಶಾಲೆಯ ಕನ್ನಡ ಬಾಲಕನು ತನ್ನ ನುಡಿಯನ್ನು ಬಡವೆಂದು ಬಗೆದು ತಲೆತಗ್ಗಿಸಿದಾಗ ಈ ಕಥೆಯನ್ನು ಅವನಿಗೆ ಹೇಳೋಣ. ನೆರೆಯ ಮರಾಠಿ ಬಾಲಕನಿಗೂ ಇದನ್ನೇ ಹೇಳೋಣ.